ನೇತ್ರಾಣಿಗೊಂದು ಉಡುಪು, ಸಿಲ್ಫ್ರಾಕ್ಕೆ ಇನ್ನೊಂದು

ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಸಾಗಿದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಮೇಲಿನಿಂದ ನೋಡಿದವರಿಗೆ ಹೃದಯದ ಆಕಾರ. ಸುತ್ತಲಿನ ನೀರಿನಲ್ಲಿ ಹವಳಗಳು, ಅವುಗಳ ನಡುವೆ ಗಿಳಿಮೀನು, ಚಿಟ್ಟೆಮೀನುಗಳ ಓಡಾಟ. ಮಳೆಗಾಲ ಕಳೆದ ಮೇಲೆ ಸ್ಕೂಬಾ ಮುಳುಗುಗಾರರು ಇಲ್ಲಿಗೆ ಬರತೊಡಗುತ್ತಾರೆ. ನಿಮ್ಮ ಮಗನೋ ಮಗಳೋ 'ನಾನೂ ಹೋಗಲೇ?' ಎಂದು ಕೇಳಿದರೆ ಹೂಂ ಅನ್ನುವ ಮೊದಲು ಸ್ವಲ್ಪ ಭೌತಶಾಸ್ತ್ರವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿಯ ನೀರಿನ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್. ಬೆಚ್ಚಗಿದೆಯಲ್ಲ, ಉಡುಪೇಕೆ ಎನ್ನಬಹುದು. ಆದರೆ ನಮ್ಮ ಮೈಯ ಉಷ್ಣತೆ 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಉತ್ತಮ ಉಷ್ಣವಾಹಕ. ಅಂಗಳದಲ್ಲಿ ಹಿತವೆನಿಸುವ 28 ಡಿಗ್ರಿಯೇ ನೀರಿನೊಳಗೆ ತಾಸು ಕಳೆಯುವಷ್ಟರಲ್ಲಿ ನಡುಕ ಹುಟ್ಟಿಸಬಲ್ಲದು. ಆದ್ದರಿಂದ ಇಲ್ಲಿ 3 ಮಿ.ಮೀ. ದಪ್ಪದ ನಿಯೋಪ್ರೀನ್ ಉಡುಪು ಸಾಕು, ಆದರೆ ಬೇಕು. ಅದರೊಳಗಿನ ಸಾವಿರಾರು ಅನಿಲದ ಗುಳ್ಳೆಗಳೇ ಶಾಖವನ್ನು ತಡೆಯುವುದು. ಉಡುಪು ಸಡಿಲವಾದರೆ ತಣ್ಣೀರು ಒಳನುಗ್ಗಿ ಹೊರಬರುತ್ತಲೇ ಇರುತ್ತದೆ, ತೊಟ್ಟೂ ಪ್ರಯೋಜನವಿಲ್ಲ.

ಈಗ ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. ಅಲ್ಲಿನ ಸಿಲ್ಫ್ರಾ ಎಂಬ ಬಿರುಕು ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು ಬೇರೆಯಾಗುತ್ತಿರುವ ವಲಯದಲ್ಲಿದೆ. ಲಾಂಗ್‌ಯೋಕುಟ್ಲ್ ಹಿಮನದಿಯ ನೀರು ಲಾವಾ ಶಿಲೆಯಲ್ಲಿ ದಶಕಗಳ ಕಾಲ ಸೋಸಿ ಇಲ್ಲಿ ಚಿಮ್ಮುತ್ತದೆ. ನೂರು ಮೀಟರ್ ದೂರದವರೆಗೂ ಕಾಣುವಷ್ಟು ತಿಳಿ. ಆದರೆ ವರ್ಷವಿಡೀ ಉಷ್ಣತೆ 2ರಿಂದ 4 ಡಿಗ್ರಿ!

ನಿಯೋಪ್ರೀನನ್ನೇ ಇನ್ನಷ್ಟು ದಪ್ಪ ಮಾಡಿದರಾಗದೇ? ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ಬಾಯ್ಲ್‌ನ ನಿಯಮದಂತೆ ಗುಳ್ಳೆಗಳು ಕುಗ್ಗಿ ಉಡುಪು ತೆಳ್ಳಗಾಗುತ್ತದೆ. ಅದಕ್ಕೇ ಅಲ್ಲಿ 'ಡ್ರೈಸೂಟ್' ಕಡ್ಡಾಯ. ಕತ್ತು, ಮಣಿಕಟ್ಟುಗಳಲ್ಲಿ ನೀರು ನುಸುಳದ ಬಿಗಿಪಟ್ಟಿ, ಒಳಗೆ ಬೆಚ್ಚನೆಯ ಬಟ್ಟೆ, ಆಳಕ್ಕಿಳಿದಂತೆ ತುಂಬಿಕೊಳ್ಳಲು ಗಾಳಿ. ಗಾಳಿ ಹೆಚ್ಚಿದಷ್ಟೂ ತೇಲುವ ಬಲ ಹೆಚ್ಚು; ಸೊಂಟಕ್ಕೆ ಸೀಸದ ಭಾರವೂ ಹೆಚ್ಚು ಬೇಕು. ಇದನ್ನು ಸಂಭಾಳಿಸಲು ಪ್ರತ್ಯೇಕ ತರಬೇತಿಯೇ ಅಗತ್ಯ.

ಉಸಿರಾಟದ ರೆಗ್ಯುಲೇಟರ್ ಕೂಡ ಬೇರೆಯೇ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ವಾಲ್ವ್ ತಣ್ಣಗಾಗುವುದನ್ನು ಮಕ್ಕಳು ಗಮನಿಸಿರಬಹುದು. ಸಿಲಿಂಡರಿನ ಸುಮಾರು 200 ಬಾರ್ ಒತ್ತಡದ ಗಾಳಿ ಹಿಗ್ಗುವಾಗಲೂ ಹಾಗೆಯೇ. ಸುತ್ತಲಿನ ನೀರು ಶೂನ್ಯದ ಸಮೀಪವಿದ್ದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟಿ, ಅದು ತೆರೆದೇ ಉಳಿದು ಗಾಳಿಯೆಲ್ಲ ಸೋರಿಹೋಗಬಹುದು. ಅಂಥಲ್ಲಿ ತಣ್ಣೀರಿಗೆಂದೇ ಪರೀಕ್ಷಿಸಿದ ರೆಗ್ಯುಲೇಟರ್ ಬೇಕು. ನೇತ್ರಾಣಿಯಲ್ಲಿ ಈ ಭಯವಿಲ್ಲ.

ಎರಡೂ ಕಡೆ ಸಮಾನವಾದದ್ದು ಮುಖವಾಡದ ಪರೀಕ್ಷೆ. ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದರೆ ಅದು ಅಂಟಿ ನಿಲ್ಲಬೇಕು. ಆರೋಗ್ಯದ ಅರ್ಜಿಯಲ್ಲಿ ಆಸ್ತಮಾ, ಕಿವಿನೋವುಗಳನ್ನು ಮುಚ್ಚಿಡದೆ ಬರೆಯಬೇಕು. ಸಂಶಯವಿದ್ದರೆ ವೈದ್ಯರ ಒಪ್ಪಿಗೆ ಪಡೆಯಬೇಕು.

ಇನ್ನೊಂದು ಮಾತನ್ನು ಮಕ್ಕಳಿಗೆ ಮನೆಯಲ್ಲೇ ಬಾಯಿಪಾಠ ಮಾಡಿಸಿ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರನ್ನು ಕಟ್ಟಿಕೊಂಡು ಮೇಲೆ ಬಂದರೆ ಆ ಗಾಳಿ ಇಮ್ಮಡಿ ಹಿಗ್ಗಲು ಹವಣಿಸುತ್ತದೆ, ಶ್ವಾಸಕೋಶ ಹರಿಯಬಹುದು. ಇದನ್ನು ತಡೆಯುವ ಉಡುಪು ಯಾವ ಅಂಗಡಿಯಲ್ಲೂ ಸಿಗದು. ನೀರು ಬೆಚ್ಚಗಿರಲಿ, ತಣ್ಣಗಿರಲಿ, ಉಸಿರು ಮಾತ್ರ ನಿಲ್ಲಬಾರದು.