ಅಕಿಹಾಬರದಲ್ಲಿ ಹಳೆಯ ಆಟಗಳ ಬೇಟೆ

ಟೋಕಿಯೋ ನಗರದ ಅಕಿಹಾಬರ ನಿಲ್ದಾಣದಲ್ಲಿ ರೈಲಿನಿಂದಿಳಿದು, 'ವಿದ್ಯುತ್ ಪೇಟೆ' ಎಂಬ ಫಲಕವಿರುವ ದ್ವಾರದಿಂದ ಹೊರಬಿದ್ದ ಪ್ರವಾಸಿಗನಿಗೆ ಮೊದಲು ಎದುರಾಗುವುದು ಬಣ್ಣಗಳ ದಾಳಿ. ಆರೇಳು ಅಂತಸ್ತಿನ ಕಟ್ಟಡಗಳ ನೆತ್ತಿಯಿಂದ ಬುಡದವರೆಗೆ ಚಿತ್ರಗಳು, ದೀಪಗಳು, ಜಾಹೀರಾತಿನ ಕೂಗುಗಳು. ದೊಡ್ಡ ಕಣ್ಣಿನ ಚಿತ್ರಸುಂದರಿಯರು ಗೋಡೆಗೋಡೆಯಿಂದಲೂ ನಗುತ್ತಾರೆ. ಈ ಗದ್ದಲವನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಪಟ್ಟಿ ಹಿಡಿದು, ಮುಖ್ಯ ಬೀದಿಯನ್ನು ಬಿಟ್ಟು ಓಣಿಯೊಳಕ್ಕೆ ನುಸುಳುವ ಒಂದು ವರ್ಗದ ಜನರುಂಟು. ವಯಸ್ಸು ಮೂವತ್ತರಿಂದ ಐವತ್ತು. ಕೆಲವರ ತಲೆ ನರೆತಿದೆ. ಅವರು ಅರಸಿ ಬಂದಿರುವುದು ಮಕ್ಕಳ ಆಟದ ಸಾಮಾನು.

ಈ ಸ್ಥಳದ ಹೆಸರಿನಲ್ಲಿಯೇ ಒಂದು ವಿನೋದವಿದೆ. 1869ರಲ್ಲಿ ಇಲ್ಲಿ ಭಾರಿ ಬೆಂಕಿ ಬಿದ್ದು ಮನೆಮಠಗಳು ಸುಟ್ಟುಹೋದುವು. ಇನ್ನೊಮ್ಮೆ ಬೆಂಕಿ ಹಬ್ಬದಿರಲೆಂದು ಸರಕಾರದವರು ನೆಲವನ್ನು ಬಯಲಾಗಿಯೇ ಉಳಿಸಿ, ಮರುವರ್ಷ ಅಗ್ನಿಶಾಂತಿಗಾಗಿ ಒಂದು ಗುಡಿಯನ್ನು ಕಟ್ಟಿಸಿದರು. ಜನರು ಅದನ್ನು ಬೆಂಕಿಯಿಂದ ಕಾಪಾಡುವ ಅಕಿಬಾ ದೇವರ ಗುಡಿಯೆಂದೇ ಬಗೆದು, ಬಯಲಿಗೆ ಅಕಿಬಾನ ಬಯಲೆಂದು ಹೆಸರಿಟ್ಟರು. 1890ರಲ್ಲಿ ಸರಕುಸಾಗಣೆಯ ರೈಲು ನಿಲ್ದಾಣ ಬಂದಿತು. ಗುಡಿ ಬೇರೆಡೆಗೆ ಹೋಯಿತು. ಹೆಸರು ಮಾತ್ರ ಉಳಿಯಿತು. ಬೆಂಕಿಗೆ ಅಂಜಿ ಬರಿದುಮಾಡಿದ ಬಯಲಿನಲ್ಲಿ ಇಂದು ಉರಿಯುವ ದೀಪಗಳಿಗೆ ಲೆಕ್ಕವಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಟೋಕಿಯೋ ಬೂದಿಯ ರಾಶಿಯಾಗಿತ್ತು. ಹೊಟ್ಟೆಗಿಲ್ಲದ ಆ ದಿನಗಳಲ್ಲಿಯೂ ಜನರಿಗೆ ರೇಡಿಯೋ ಬೇಕಾಗಿತ್ತು. ಸಮೀಪದ ವಿದ್ಯುತ್ ಶಾಲೆಯ ವಿದ್ಯಾರ್ಥಿಗಳು ಬಿಡಿಭಾಗಗಳನ್ನು ಕೊಂಡು, ತಾವೇ ರೇಡಿಯೋ ಜೋಡಿಸಿ ಮಾರತೊಡಗಿದರು. ಅವರಿಗೆ ನಿರ್ವಾತ ಕೊಳವೆಗಳನ್ನೂ ತಂತಿಗಳನ್ನೂ ಒದಗಿಸುವ ಬೀದಿ ಅಂಗಡಿಗಳು ಸಾಲುಗಟ್ಟಿದುವು. 1949ರಲ್ಲಿ ಆಕ್ರಮಣ ಸೈನ್ಯದ ಅಧಿಕಾರಿಗಳು ಬೀದಿ ಅಂಗಡಿಗಳನ್ನು ತೆರವು ಮಾಡಿಸಿದಾಗ ವ್ಯಾಪಾರಿಗಳು ರೈಲು ಸೇತುವೆಯ ಕೆಳಗಿನ ಕಮಾನುಗಳನ್ನು ಹೊಕ್ಕರು. ಒಬ್ಬನು ಕುಳಿತರೆ ಇನ್ನೊಬ್ಬನು ನಿಲ್ಲಲಾಗದಷ್ಟು ಕಿರಿದಾದ ಆ ಗೂಡಂಗಡಿಗಳ ಪೈಕಿ 'ರೇಡಿಯೋ ಸ್ಟೋರ್' ಎಂಬ ಸಾಲು 2013ರ ನವೆಂಬರಿನಲ್ಲಿ ಮುಚ್ಚಿಹೋಯಿತು. 'ರೇಡಿಯೋ ಸೆಂಟರ್' ಎಂಬುದು ಉಳಿದುಕೊಂಡಿತು. ಬಟ್ಟೆ ಒಗೆಯುವ ಯಂತ್ರ, ಶೈತ್ಯಪೆಟ್ಟಿಗೆ, ಟೆಲಿವಿಷನ್, ಆಮೇಲೆ ಕಂಪ್ಯೂಟರ್, ಆಮೇಲೆ ವಿಡಿಯೋ ಆಟ, ಹೀಗೆ ಜಪಾನಿನ ಮನೆಗಳೊಳಕ್ಕೆ ಹೊಕ್ಕ ಪ್ರತಿಯೊಂದು ಯಂತ್ರವೂ ಈ ಪೇಟೆಯನ್ನು ಹಾದುಹೋಗಿದೆ. ಹಳತಾಗಿ ಮನೆಯಿಂದ ಹೊರಬಿದ್ದವುಗಳು ಮರಳಿ ಬಂದದ್ದೂ ಇಲ್ಲಿಗೇ.

ಬೇಟೆಯ ವಸ್ತು ಯಾವುದೆಂಬುದನ್ನು ಹೇಳಬೇಕು. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನ ಎಲೆಗಳನ್ನು ತಯಾರಿಸುವುದಕ್ಕಾಗಿ ಹುಟ್ಟಿದ ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು 'ಫ್ಯಾಮಿಲಿ ಕಂಪ್ಯೂಟರ್' ಎಂಬ ಪೆಟ್ಟಿಗೆಯನ್ನು 14,800 ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಕೆನೆಬಣ್ಣಕ್ಕೆ ಕಡುಗೆಂಪು ಅಂಚು. ಪಕ್ಕದಲ್ಲಿ ಸಿಕ್ಕಿಸಿಡುವ ಎರಡು ಹಿಡಿಕೆ. ನೆತ್ತಿಯ ಮೇಲೆ ಕ್ಯಾಸೆಟ್ಟಿನ ಬಾಯಿ. ಜಪಾನೀಯರು ಅದನ್ನು 'ಫಾಮಿಕಾನ್' ಎಂದು ಮೊಟಕುಮಾಡಿದರು. ಅದಕ್ಕೆ ಸಾವಿರಕ್ಕೂ ಮಿಕ್ಕಿ ಆಟಗಳು ಬಂದುವು. ಹಿಂದೆಯೇ 1987ರಲ್ಲಿ ಪಿಸಿ ಎಂಜಿನ್, 1988ರಲ್ಲಿ ಸೇಗಾದ ಮೆಗಾ ಡ್ರೈವ್, 1989ರಲ್ಲಿ ಗೇಮ್ ಬಾಯ್, 1990ರಲ್ಲಿ ಸೂಪರ್ ಫಾಮಿಕಾನ್. ಅಂದು ಇವುಗಳ ಮುಂದೆ ಕಾಲುಮಡಚಿ ಕುಳಿತಿದ್ದ ಹುಡುಗರೇ ಇಂದಿನ ಬೇಟೆಗಾರರು.

ಓಣಿಯೊಂದರ ಇಕ್ಕಟ್ಟಾದ ಕಟ್ಟಡದ ಮೂರನೆಯ ಅಂತಸ್ತಿನಿಂದ ಐದನೆಯದರವರೆಗೆ 'ಸೂಪರ್ ಪೊಟ್ಯಾಟೊ' ಎಂಬ ಅಂಗಡಿ ಇದೆ. ಆಲೂಗಡ್ಡೆಗೂ ಆಟಕ್ಕೂ ಏನು ನಂಟೆಂದು ಕೇಳುವವರು ಕೇಳಲಿ. ಬೇಟೆಗಾರರ ಪಾಲಿಗೆ ಅದು ಯಾತ್ರಾಸ್ಥಳ. ಮೇಲೇರಿ ಬಂದರೆ ಹತ್ತಾರು ಆಟಗಳ ಸಂಗೀತ ಒಂದರ ಮೇಲೊಂದು ಬಿದ್ದು ಚಿಲಿಪಿಲಿಗುಟ್ಟುತ್ತಿರುತ್ತದೆ. ನೆಲದಿಂದ ಚಾವಣಿಯವರೆಗೆ ಕ್ಯಾಸೆಟ್ಟುಗಳು, ಒಂದೊಂದಕ್ಕೂ ಪಾರದರ್ಶಕ ಹೊದಿಕೆ, ಹೊದಿಕೆಯ ಮೇಲೆ ಬೆಲೆಯ ಚೀಟಿ. ಐದನೆಯ ಅಂತಸ್ತಿನಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಯಂತ್ರಗಳಿವೆ. ಪಕ್ಕದಲ್ಲಿಯೇ ಹಿಂದಿನ ಕಾಲದ ಮಕ್ಕಳ ಅಗ್ಗದ ಮಿಠಾಯಿಗಳು. ಕೋಟು ಧರಿಸಿದ ನೌಕರನೊಬ್ಬನು ಕಚೇರಿಯ ಚೀಲವನ್ನು ಕಾಲಸಂದಿಯಲ್ಲಿರಿಸಿ, ಪುಟ್ಟ ಆಸನದ ಮೇಲೆ ಕುಕ್ಕರಿಸಿ, ವಿಮಾನಗಳನ್ನು ಹೊಡೆದುರುಳಿಸುತ್ತಿರುವುದು ಅಲ್ಲಿ ಅಪರೂಪದ ನೋಟವೇನಲ್ಲ.

ಬೆಲೆಯ ಗಣಿತ ವಿಚಿತ್ರವಾದುದು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಜಪಾನೊಂದರಲ್ಲಿಯೇ 68 ಲಕ್ಷದಷ್ಟು ಮಾರಾಟವಾಯಿತು. ಆದುದರಿಂದ ಅದರ ಬಿಡಿ ಕ್ಯಾಸೆಟ್ಟು ಇಂದಿಗೂ ದುರ್ಲಭವಲ್ಲ. ಆದರೆ ಅದೇ ಆಟ ತನ್ನ ರಟ್ಟಿನ ಪೆಟ್ಟಿಗೆ ಮತ್ತು ಕೈಪಿಡಿಯ ಸಮೇತ ದೊರೆತರೆ ಬೆಲೆ ಹಲವು ಪಟ್ಟು ಏರುತ್ತದೆ. ಕಾರಣ ಸ್ಪಷ್ಟವೇ ಆಗಿದೆ: ಕ್ಯಾಸೆಟ್ಟನ್ನು ಮಕ್ಕಳು ಜೋಪಾನ ಮಾಡಿದರು, ಪೆಟ್ಟಿಗೆಯನ್ನು ತಾಯಂದಿರು ಕಸಕ್ಕೆ ಹಾಕಿದರು. ಮೂವತ್ತು ವರ್ಷಗಳ ಹಿಂದಿನ ಗೃಹಶುಚಿತ್ವಕ್ಕಾಗಿ ಇಂದಿನ ಗಂಡಸರು ದಂಡ ತೆರುತ್ತಿದ್ದಾರೆ. ಯಾರಿಗೂ ಬೇಡವಾಗಿ ಅಂದು ಮೂಲೆಗೆ ಬಿದ್ದ ಆಟವೇ ಇಂದು ಗಾಜಿನ ಬೀರುವಿನಲ್ಲಿ ಬೀಗದೊಳಗೆ ಕುಳಿತಿರುವುದೂ ಉಂಟು. ಕೊಂಡವರು ಕಡಮೆ, ಆದುದರಿಂದ ಉಳಿದುದೂ ಕಡಮೆ.

ಅಕಿಹಾಬರದಲ್ಲಿ ಅಗ್ಗವೆಂಬುದು ಹಿಂದಿನ ಮಾತಾಯಿತೆಂದು ಹಳಬರು ಕೊರಗುತ್ತಾರೆ. 2024ರಲ್ಲಿ ಯೆನ್ನಿನ ಬೆಲೆ ಡಾಲರಿನ ಎದುರು ಮೂವತ್ತೆಂಟು ವರ್ಷಗಳಲ್ಲಿಯೇ ಕನಿಷ್ಠಕ್ಕಿಳಿಯಿತು. ಆ ವರ್ಷ ಜಪಾನಿಗೆ ಬಂದ ವಿದೇಶೀಯರ ಸಂಖ್ಯೆ 3 ಕೋಟಿ 68 ಲಕ್ಷ. ಖಾಲಿ ಪೆಟ್ಟಿಗೆ ಹೊತ್ತು ಬಂದು, ತುಂಬಿದ ಪೆಟ್ಟಿಗೆ ಹೊತ್ತು ಹೋಗುವವರು ಅವರಲ್ಲಿ ಹಲವರು. ಸಾಮಾನು ಮಾತ್ರ ಹೊಸದಾಗಿ ಹುಟ್ಟುವುದಿಲ್ಲವಷ್ಟೆ.

ಹಾಗಿದ್ದರೆ ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿಯೇ ಕೊಂಡರಾಗದೆ? ಆದೀತು, ಬಹುಪಾಲು ವ್ಯಾಪಾರ ಅಲ್ಲಿಗೆ ಸಾಗಿಯೂ ಹೋಗಿದೆ. ಜಪಾನಿನ ಯಾಹೂ ಹರಾಜು 1999ರಲ್ಲಿ ಆರಂಭವಾಯಿತು. 2013ರಲ್ಲಿ ಮೆರ್ಕಾರಿ ಬಂದಿತು. ಅಟ್ಟದ ಮೇಲಿನ ಹಳೆಯ ಆಟವನ್ನು ಅಂಗಡಿಗೆ ಹೊತ್ತೊಯ್ಯುವ ಗೃಹಸ್ಥನು ಈಗ ಅದರ ಚಿತ್ರ ತೆಗೆದು ಫೋನಿನಲ್ಲಿಯೇ ಮಾರುತ್ತಾನೆ. ಪರದೇಶದವರು ನಡುವಿನ ದಲ್ಲಾಳಿಗಳ ಮೂಲಕ ಬೇಡಿಕೆಯಿಟ್ಟು ತರಿಸಿಕೊಳ್ಳುತ್ತಾರೆ. ಹರಾಜಿನ ಕೊನೆಯ ಐದು ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಅವಧಿ ಮತ್ತೆ ಐದು ನಿಮಿಷ ಬೆಳೆಯುವ ಏರ್ಪಾಡೊಂದಿದೆ. ಹಟಕ್ಕೆ ಬಿದ್ದ ಇಬ್ಬರು ಒಬ್ಬರ ಮುಖವನ್ನೊಬ್ಬರು ಕಾಣದೆ ನಡುರಾತ್ರಿಯವರೆಗೆ ಸೆಣಸಿ, ಗೆದ್ದವನು ಬೆಳಗ್ಗೆ ಪಶ್ಚಾತ್ತಾಪ ಪಡುವುದು ಈ ಏರ್ಪಾಡಿನ ಫಲ.

ಅಲ್ಲಿನ ಭಾಷೆಯನ್ನೂ ಕಲಿಯಬೇಕಾಗುತ್ತದೆ. 'ನೋ ಕ್ಲೇಮ್, ನೋ ರಿಟರ್ನ್' ಎಂದು ಜಪಾನೀ ಅಕ್ಷರಗಳಲ್ಲಿ ಬರೆದಿದ್ದರೆ, ಕೊಟ್ಟ ಮೇಲೆ ದೂರಿಲ್ಲ, ಹಿಂದಕ್ಕೆ ಪಡೆಯುವುದಿಲ್ಲ ಎಂದು ಅರ್ಥ. 'ನಡೆಯುವುದೋ ಇಲ್ಲವೋ ಪರೀಕ್ಷಿಸಿಲ್ಲ' ಎಂಬ ವಾಕ್ಯವನ್ನು ಅನುಭವಿಗಳು ಬೇರೊಂದು ರೀತಿ ಓದುತ್ತಾರೆ: ಪರೀಕ್ಷಿಸಿದೆ, ನಡೆಯಲಿಲ್ಲ. ಚಿತ್ರದಲ್ಲಿ ಸ್ವಚ್ಛವಾಗಿ ತೋರುವ ಸೂಪರ್ ಫಾಮಿಕಾನ್ ಕೈಗೆ ಬಂದಾಗ ಅರ್ಧ ಬೂದುಬಣ್ಣ, ಅರ್ಧ ಹಳದಿ. ಪ್ಲಾಸ್ಟಿಕ್ಕಿಗೆ ಬೆಂಕಿ ತಗಲದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳು ಬಿಸಿಲಿಗೂ ಕಾಲಕ್ಕೂ ಈಡಾಗಿ ಹಳದಿಗಟ್ಟುತ್ತವೆ. ಮೇಲ್ಮುಚ್ಚಳಕ್ಕೂ ತಳಕ್ಕೂ ಬಳಸಿದ ಪ್ಲಾಸ್ಟಿಕ್ ಬೇರೆಯಾದರೆ ಬಣ್ಣಗಳೂ ಬೇರೆಯಾಗುತ್ತವೆ. ಇನ್ನು ನಕಲಿಗಳ ಹಾವಳಿ. ಅಸಲಿ ಗೇಮ್ ಬಾಯ್ ಕ್ಯಾಸೆಟ್ಟಿನ ಚೀಟಿಯಲ್ಲಿ ಪುಟ್ಟ ಸಂಖ್ಯೆಯೊಂದನ್ನು ಮಸಿಯಿಲ್ಲದೆ ಒತ್ತಿರುತ್ತಾರೆ. ಕೈಯಲ್ಲಿ ಹಿಡಿದು ಬೆಳಕಿಗೆ ಓರೆಮಾಡಿದರೆ ಮಾತ್ರ ಅದು ಮೂಡಿ ಕಾಣುತ್ತದೆ. ಅಂತರ್ಜಾಲದ ಚಿತ್ರವನ್ನು ಎಷ್ಟು ಓರೆಮಾಡಿದರೂ ಕಾಣುವುದಿಲ್ಲ. ಅಂಗಡಿಯೇ ಬೇಕೆನ್ನುವವರ ವಾದವೆಲ್ಲ ಈ ಒಂದು ಸಂಖ್ಯೆಯಲ್ಲಿದೆ.

ಅಂಥವರು ಅಕಿಹಾಬರದಿಂದ ಪಶ್ಚಿಮಕ್ಕೆ ಹೊರಟು, ಶಿಂಜುಕು ದಾಟಿ, ನಾಕಾನೋದಲ್ಲಿ ಇಳಿಯುತ್ತಾರೆ. ನಿಲ್ದಾಣದಿಂದ ಮಾಡು ಹೊದಿಸಿದ ಅಂಗಡಿಬೀದಿಯೊಂದು ನೇರವಾಗಿ 'ನಾಕಾನೋ ಬ್ರಾಡ್‌ವೇ' ಕಟ್ಟಡದೊಳಕ್ಕೆ ಒಯ್ಯುತ್ತದೆ. 1966ರಲ್ಲಿ ಶ್ರೀಮಂತರ ವಸತಿಗೆಂದು ಮೇಲೆ ಮನೆಗಳನ್ನೂ ಕೆಳಗೆ ಅಂಗಡಿಗಳನ್ನೂ ಇರಿಸಿ ಕಟ್ಟಿದ ಸೌಧವಿದು. ಅದರ ಚಲಿಸುವ ಮೆಟ್ಟಿಲು ಎರಡನೆಯ ಅಂತಸ್ತನ್ನು ಲೆಕ್ಕಕ್ಕೇ ಇಡದೆ ಒಂದರಿಂದ ಮೂರಕ್ಕೆ ಒಯ್ದುಬಿಡುತ್ತದೆ, ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಮಾಸುಜೋ ಫುರುಕಾವಾ ಎಂಬ ಚಿತ್ರಕಥೆಗಾರರು 1980ರಲ್ಲಿ ಇಲ್ಲಿ 'ಮಂದರಾಕೆ' ಎಂಬ ಹಳೆಯ ಚಿತ್ರಕಥಾ ಪುಸ್ತಕಗಳ ಅಂಗಡಿಯನ್ನು ತೆರೆದರು. ಅದು ಬೆಳೆದು, ಮರಿಹಾಕಿ, ಇಂದು ಕಟ್ಟಡದ ತುಂಬ ಹರಡಿದೆ. ಒಂದು ಮಳಿಗೆಯಲ್ಲಿ ಗೊಂಬೆ, ಇನ್ನೊಂದರಲ್ಲಿ ರೈಲು, ಮತ್ತೊಂದರಲ್ಲಿ ಆಟ. ಇಲ್ಲಿ ಬಡಾವಣೆಯ ಮುದುಕಿಯರು ಕೆಳಗೆ ತರಕಾರಿ ಕೊಳ್ಳುತ್ತಿರುತ್ತಾರೆ, ಅಕಿಹಾಬರದ ಅಬ್ಬರವಿಲ್ಲ. ಒಂದೇ ಆಟದ ನಾಲ್ಕು ಪ್ರತಿಗಳನ್ನು ಮುಂದಿಟ್ಟುಕೊಂಡು, ಮೂಲೆ ಸವೆದದ್ದು ಯಾವುದು, ಚೀಟಿ ಮಾಸಿದ್ದು ಯಾವುದು ಎಂದು ಅರ್ಧ ಗಂಟೆ ಎಣಿಸಿದರೂ ಮಾರುವವನು ಮುಖ ಗಂಟಿಕ್ಕುವುದಿಲ್ಲ.

ಇನ್ನೂ ಛಲವುಳ್ಳವರು ಊರಾಚೆಯ ಹೆದ್ದಾರಿಯಂಚಿನ ಹಳೆಸಾಮಾನಿನ ಮಳಿಗೆಗಳಿಗೆ ಹೋಗುತ್ತಾರೆ. ಅಲ್ಲಿ 'ಜಂಕ್' ಎಂಬ ಹೆಸರಿನ ಬುಟ್ಟಿಗಳಿವೆ. ತಂತಿಗಳು, ಹಿಡಿಕೆಗಳು, ಬಿಡಿ ಕ್ಯಾಸೆಟ್ಟುಗಳು ಕಲಸುಮೇಲೋಗರವಾಗಿ ಬಿದ್ದಿರುತ್ತವೆ. ಕೆಲವು ನೂರು ಯೆನ್ನುಗಳ ಬೆಲೆ, ಯಾವ ಭರವಸೆಯೂ ಇಲ್ಲ. ಮೊಣಕಾಲೂರಿ ತಡಕಾಡುವ ಈ ಸುಖವನ್ನು ಯಾವ ಹರಾಜೂ ಕೊಡಲಾರದು. ಬಹುತೇಕ ಬರಿಗೈಯಲ್ಲಿ ಮರಳಬೇಕಾಗುವುದೂ ಅಷ್ಟೇ ನಿಜ.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ತಗಲಿದೆ. 1990ರ ದಶಕದಲ್ಲಿ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿಯೂ ಎಸ್.ಪಿ. ರಸ್ತೆಯಲ್ಲಿಯೂ 'ಟಿ.ವಿ. ಗೇಮ್' ಎಂಬ ಹೆಸರಿನಲ್ಲಿ ಮಾರಾಟವಾದ, ಬೇಸಿಗೆಯ ರಜೆಯಲ್ಲಿ ಮನೆಮನೆಯ ಟೆಲಿವಿಷನ್ನಿಗೂ ಅಂಟಿಕೊಂಡ ಪೆಟ್ಟಿಗೆಗಳು ಬಹುಮಟ್ಟಿಗೆ ಈ ಫಾಮಿಕಾನಿನ ನಕಲುಗಳೇ. ಅಮೆರಿಕದಲ್ಲಿ ಮಾರಿದ ಅದರ ರೂಪಕ್ಕೆ 72 ಕಾಲುಗಳ ಕ್ಯಾಸೆಟ್ಟು, ಜಪಾನಿನದಕ್ಕೆ 60. ನಮ್ಮ ಪೆಟ್ಟಿಗೆಗಳು ಸಾಮಾನ್ಯವಾಗಿ ಜಪಾನಿನ ಅಳತೆಯವು. ಒಂದು ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟಗಳಿವೆಯೆಂದು ಮೇಲೆ ಬರೆದು, ಒಳಗೆ ಹತ್ತಿಪ್ಪತ್ತನ್ನೇ ತಿರುತಿರುಗಿಸಿ ಇಟ್ಟಿದ್ದ ಆ ಮೋಸವನ್ನು ಮರೆಯದ ಕನ್ನಡಿಗನು ಅಕಿಹಾಬರದಲ್ಲಿ ಮೂಲದ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದಾಗ, ತಾನು ಬಾಲ್ಯದಲ್ಲಿ ಆಡಿದ್ದು ಯಾರ ಆಟವೆಂಬುದನ್ನು ಮೊದಲ ಬಾರಿಗೆ ತಿಳಿಯುತ್ತಾನೆ.

ಧನಿಕರ ಬೇಟೆ ಬೇರೆ. 2021ರ ಜುಲೈ ತಿಂಗಳಲ್ಲಿ ಅಮೆರಿಕದ ಹರಾಜೊಂದರಲ್ಲಿ ಮೊಹರು ಒಡೆಯದ 'ಸೂಪರ್ ಮಾರಿಯೋ 64' ಆಟವೊಂದಕ್ಕೆ 15 ಲಕ್ಷ 60 ಸಾವಿರ ಡಾಲರು ಬಂದಿತು. ಅದನ್ನು ಯಾರೂ ಆಡುವುದಿಲ್ಲ; ಆಡಿದರೆ ಬೆಲೆ ಹೋಗುತ್ತದೆ.

ಓಣಿಯ ಬೇಟೆಗಾರನ ಆತುರ ಮಾತ್ರ ನಿಜವಾದುದು, ಏಕೆಂದರೆ ಅವನಿಗೆ ಅವಧಿ ಇದೆ. 'ಡ್ರ್ಯಾಗನ್ ಕ್ವೆಸ್ಟ್' ಮಾಲೆಯ ಮೊದಲೆರಡು ಆಟಗಳಲ್ಲಿ ಅಂದಿನ ಆಟವನ್ನು ನಿಲ್ಲಿಸಿ ನಾಳೆ ಮುಂದುವರಿಸಬೇಕಾದರೆ ಪರದೆಯ ಮೇಲೆ ಬಂದ ಉದ್ದನೆಯ ಮಂತ್ರವನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಬೇಕಾಗಿತ್ತು. ಎರಡನೆಯದರಲ್ಲಿ ಅದು 52 ಅಕ್ಷರಗಳವರೆಗೆ ಬೆಳೆಯುತ್ತಿತ್ತು. ಒಂದಕ್ಷರ ತಪ್ಪಿದರೆ ವಾರಗಳ ಶ್ರಮ ಮಣ್ಣು. 1988ರ ಫೆಬ್ರವರಿ 10ರ ಬುಧವಾರ ಮೂರನೆಯದು ಹೊರಬಂದಾಗ ಹುಡುಗರು ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲು ನಿಂತರು. ಅದರಲ್ಲಿ ಮಂತ್ರದ ಕಾಟವಿರಲಿಲ್ಲ; ಕ್ಯಾಸೆಟ್ಟಿನೊಳಗೆ ನಾಣ್ಯದಾಕಾರದ ಲಿಥಿಯಂ ಬ್ಯಾಟರಿಯೊಂದು ಕುಳಿತು ಆಟವನ್ನು ನೆನಪಿಡುತ್ತಿತ್ತು. ನೆನಪು ಅಳಿಸಿಹೋದರೆ ಆಟವೇ ವಿಷಾದ ಸೂಚಿಸಿ, ಶಾಪದ ಸ್ವರವೊಂದನ್ನು ನುಡಿಸುತ್ತದೆ. ಆ ಸ್ವರಕ್ಕೆ ಜಪಾನಿನ ನಡುವಯಸ್ಕರು ಇಂದಿಗೂ ಬೆಚ್ಚುತ್ತಾರೆ.

ಆ ಬ್ಯಾಟರಿಗಳು ಮೂವತ್ತು ವರ್ಷ ದಾಟಿಯೂ ಕೆಲವು ಬದುಕಿವೆ. ಹಳೆಯ ಕ್ಯಾಸೆಟ್ಟನ್ನು ಕೊಂಡು ಯಂತ್ರಕ್ಕೆ ಹಾಕಿದವನಿಗೆ ಯಾವುದೋ ಊರಿನ ಯಾವುದೋ ಮಗು ತನ್ನ ಹೆಸರಿಟ್ಟು, ತನ್ನ ಗೆಳೆಯರ ಹೆಸರುಗಳಿಟ್ಟು ಅರ್ಧಕ್ಕೆ ಬಿಟ್ಟ ಸಾಹಸ ಹಾಗೆಯೇ ಕಾಣಿಸುವುದುಂಟು. ಬ್ಯಾಟರಿ ಬದಲಿಸಬೇಕಾದರೆ ಬೆಸುಗೆ ಬಿಡಿಸಬೇಕು. ಆ ಹೊತ್ತಿಗೆ ಹೊರಗಿನಿಂದ ವಿದ್ಯುತ್ತು ಹರಿಸದಿದ್ದರೆ ಒಳಗಿನವರೆಲ್ಲ ಆ ಕ್ಷಣದಲ್ಲಿಯೇ ಮಾಯ. ಬದಲಿಸದೆ ಬಿಟ್ಟರೂ ಒಂದು ದಿನ ಮಾಯವೇ. ಈ ಕಾರಣಕ್ಕಾಗಿಯೇ ಕೆಲವರು ಅಂತರ್ಜಾಲದಲ್ಲಿ ಸಾರಾಸಗಟಾಗಿ ಕೊಂಡುಕೊಂಡು, ಅಳಿಯುವ ಮೊದಲು ಒಂದೊಂದನ್ನೂ ತೆರೆದು ನೋಡುತ್ತಾರೆ.

ಕ್ಯಾಸೆಟ್ಟುಗಳ ಬೆನ್ನಮೇಲೂ ಹೆಸರುಗಳಿವೆ. ಗೆಳೆಯನಿಗೆ ಎರವಲು ಕೊಟ್ಟದ್ದು ಮರಳಿ ಬರಲೆಂದು ಅಂದಿನ ತಾಯಂದಿರು ದಪ್ಪ ಮಸಿಯ ಲೇಖನಿಯಿಂದ ಬರೆಸಿದುವು. ಅಂಥವನ್ನೇ ಆರಿಸಿ ಸಂಗ್ರಹಿಸಿ, ಬರೆದವರು ಕಂಡು ಕೇಳಿದರೆ ಹಿಂದಿರುಗಿಸುವವರೊಬ್ಬರು ಜಪಾನಿನಲ್ಲಿದ್ದಾರೆ. ಅಂಗಡಿಯ ಲೆಕ್ಕದಲ್ಲಿ ಮಾತ್ರ ಅದೊಂದು ಕುಂದು. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಮಾರುವವನು ಹೊಸದಾಗಿ ಬಂದ ರಾಶಿಯ ಒಂದೊಂದನ್ನೇ ತಿರುವಿ ನೋಡಿ, ಬೇಕಾದಲ್ಲಿ ಬೆಲೆ ಇಳಿಸಿ, ಹೊದಿಕೆಯ ಮೇಲೆ ಚಿಕ್ಕದೊಂದು ಚೀಟಿ ಅಂಟಿಸುತ್ತಾನೆ: 'ಹೆಸರು ಬರೆದಿದೆ.'