ಸಂಕ ದಾಟುವಾಗ

ನಮ್ಮ ಕಡೆ ಹಳ್ಳ ದಾಟುವ ಮರದ ದಾರಿಗೆ ಸಂಕ ಎನ್ನುತ್ತಾರೆ. ಎರಡೋ ಮೂರೋ ಅಡಿಕೆ ಮರದ ಕಾಂಡ ಜೋಡಿಸಿ, ಬಳ್ಳಿಯಿಂದ ಬಿಗಿದು, ಕೈಯಾಸರೆಗೆ ಒಂದು ಬಿದಿರಿನ ಗಳ ಕಟ್ಟಿದರೆ ಆಯಿತು. ಕೆಳಗೆ ಮಳೆಗಾಲದ ಕೆಂಪು ನೀರು ಭೋರ್ಗರೆಯುತ್ತಿದ್ದರೂ ಅದರ ಮೇಲೆ ಪಾಟಿಚೀಲ ಹೊತ್ತು ಶಾಲೆಗೆ ಹೋದವಳು ನಾನು. ಹೆದರಿದ ನೆನಪಿಲ್ಲ. ಅಂಥವಳಿಗೆ, ಲಾರಿಗಳು ಸಾಲುಗಟ್ಟಿ ಓಡುವ ಸಿಮೆಂಟಿನ ಸೇತುವೆಗೆ ಕಾರು ಏರಿದೊಡನೆ ಅಂಗೈ ಬೆವರುವುದೇಕೋ!

ಕಾರವಾರದಿಂದ ಸದಾಶಿವಗಡದ ಕಡೆಯ ಶಾಲೆಗೆ ಹೋಗಿಬರಲು ವರ್ಷಗಟ್ಟಲೆ ಕಾಳಿ ನದಿಯನ್ನು ದಾಟಿದ್ದೇನೆ. ಹೋಗುವಾಗ ಎಡಕ್ಕೆ ಸಮುದ್ರ, ಬಲಕ್ಕೆ ಒಂದರ ಹಿಂದೊಂದು ಬೆಟ್ಟ, ಎದುರಿಗೆ ಸದಾಶಿವಗಡದ ಗುಡ್ಡ. ನೋಡಲು ಬಂದವರು ಆಹಾ ಎನ್ನುವ ಜಾಗ. ಬಸ್ಸಿನಲ್ಲಿ ಹೋಗುತ್ತಿದ್ದ ದಿನಗಳಲ್ಲಿ ನಾನೂ ಅನ್ನುತ್ತಿದ್ದೆ. ಮೀನಿನ ಬುಟ್ಟಿಯ ಹೆಂಗಸರು ನದಿ ಬಂದಾಗ ಮಾತು ನಿಲ್ಲಿಸಿ ಕೈಮುಗಿಯುತ್ತಿದ್ದರು, ಕೆಲವರು ಕಿಟಕಿಯಿಂದ ನಾಣ್ಯ ಎಸೆಯುತ್ತಿದ್ದರು. "ಅಕ್ಕೋರೆ, ನೀವೂ ಒಂದು ಹಾಕಿ" ಎಂದು ನನಗೂ ಹೇಳುತ್ತಿದ್ದರು. ಅದು ಹರಕೆ ಎಂದುಕೊಂಡಿದ್ದೆ. ಅದರೊಳಗೆ ಅಳುಕೂ ಇದೆಯೆಂದು ಗೊತ್ತಾದದ್ದು ಸ್ಟೀಯರಿಂಗ್ ನನ್ನ ಕೈಗೆ ಬಂದ ಮೇಲೆಯೇ.

ಬಸ್ಸಿನಲ್ಲಾದರೆ ಡ್ರೈವರನ ಬೆನ್ನು ಕಾಣುತ್ತದೆ, ಅವನ ಮೇಲೆ ಭಾರ ಹಾಕಿ ಕೂರಬಹುದು. ಕಾರು ನಾವೇ ನಡೆಸುವಾಗ ನಡುವೆ ನಿಲ್ಲುವಂತಿಲ್ಲ, ತಿರುಗಿಸುವಂತಿಲ್ಲ, ಹಿಂದಿನವನು ಹಾರ್ನ್ ಒತ್ತುತ್ತಲೇ ಇರುತ್ತಾನೆ. ಕೈ ತಾನಾಗಿ ಕಟಾಂಜನದ ಕಡೆಗೆ ಎಳೆದಂತಾಗುತ್ತದೆ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಲು ಸಂಕೋಚಪಟ್ಟಿದ್ದೆ. ಹೇಳಿದ ಮೇಲೆ ನೋಡಿದರೆ ನಾಲ್ವರಿಗೆ ಹಾಗೇ ಆಗುತ್ತಿತ್ತು! ಎತ್ತರದಲ್ಲಿ ಕಣ್ಣಿಗೆ ಹತ್ತಿರದ ಸ್ಥಿರ ವಸ್ತು ಸಿಗದಿದ್ದರೆ ದೇಹದ ಸಮತೋಲ ತಡಬಡಿಸುತ್ತದೆಯಂತೆ. ಮೇಲಾಗಿ ಪ್ರತಿ ಜೋಡಣೆಯ ಮೇಲೂ ಚಕ್ರ ಟಕ್ ಟಕ್ ಎನ್ನುತ್ತದೆ. ಇಂಜಿನಿಯರ್ ಆಗಿರುವ ಮೈದುನ, "ಅತ್ತಿಗೆ, ಬಿಸಿಲಿಗೆ ಕಾಂಕ್ರೀಟು ಹಿಗ್ಗಬೇಕಲ್ಲ, ಅದಕ್ಕೇ ಸಂದು ಬಿಟ್ಟಿರುತ್ತಾರೆ. ಅಲುಗದ ಸೇತುವೆಗೇ ಹೆದರಬೇಕು" ಎಂದು ನಕ್ಕಿದ್ದ. ತಲೆಗೆ ಒಪ್ಪಿತು. ಅಂಗೈಗೆ ಒಪ್ಪಲಿಲ್ಲ.

ಹೆದ್ದಾರಿ ಅಗಲವಾದ ಮೇಲೆ ಹೋಗಲು ಪಕ್ಕದ ಹೊಸ ಸೇತುವೆ, ಗೋವಾ ಕಡೆಯಿಂದ ಕಾರವಾರಕ್ಕೆ ಬರಲು ಹಳೆಯದು ಎಂದಾಯಿತು. 2024ರ ಆಗಸ್ಟ್ 7ರ ನಡುರಾತ್ರಿ, ಒಂದು ಗಂಟೆಯ ಸುಮಾರಿಗೆ, ಆ ಹಳೆಯದು ಕುಸಿಯಿತು. ಹಿಂದಿನ ಸಂಜೆ ನಾನು ಅದರ ಮೇಲೆಯೇ ಮನೆಗೆ ಬಂದಿದ್ದೆ. ಒಂದು ಲಾರಿ ನೀರಿಗೆ ಬಿತ್ತು. ಮೀನುಗಾರರೂ ಪೊಲೀಸರೂ ಸೇರಿ ಚಾಲಕನನ್ನು ಜೀವಂತವಾಗಿ ಮೇಲೆ ತಂದರು. ಸೇತುವೆ ಬಿದ್ದದ್ದಕ್ಕಿಂತ ಅದರ ವಯಸ್ಸು ನನ್ನನ್ನು ಹೆಚ್ಚು ಕಾಡಿತು. 41 ವರ್ಷ! ನನಗಿಂತ ಚಿಕ್ಕದು. ಅದನ್ನೇ ನಾವು ಮುದಿ ಸೇತುವೆ ಎನ್ನುತ್ತಿದ್ದೆವಲ್ಲ.

ಪಣಜಿಯ ಮಾಂಡೋವಿ ಸೇತುವೆ 1986ರಲ್ಲಿ ಕುಸಿದಾಗ ಅದಕ್ಕೆ ಎರಡು ದಶಕವೂ ತುಂಬಿರಲಿಲ್ಲ. ಉಪ್ಪುಗಾಳಿಯ ತೇವ ಕಾಂಕ್ರೀಟಿನೊಳಗೆ ಇಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಮಾತ್ರ ಚೆಂದವಾಗಿರುತ್ತದೆ. ನಮ್ಮ ಇದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ, ಮಹಾರಾಷ್ಟ್ರದ ಮಹಾಡದ ಹತ್ತಿರ, ಬ್ರಿಟಿಷರ ಕಾಲದ ಸೇತುವೆ 2016ರ ಆಗಸ್ಟ್‌ನಲ್ಲಿ ಸಾವಿತ್ರಿ ನದಿಯ ನೆರೆಗೆ ಕೊಚ್ಚಿಹೋಯಿತು. ರಾತ್ರಿಯ ಕತ್ತಲಲ್ಲಿ ಎರಡು ಸಾರಿಗೆ ಬಸ್ಸುಗಳು ಪ್ರಯಾಣಿಕರೊಂದಿಗೆ ಹೋದವು. ಅದು ಹಳೆಯದಾಗಿತ್ತು, ನಿಜ. ಆದರೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಅದಕ್ಕಿಂತ ಎಷ್ಟೋ ಹಳೆಯದು. ಕಂಬವೂ ಕಲ್ಲು, ತೊಲೆಯೂ ಕಲ್ಲು, ತುಕ್ಕು ಹಿಡಿಯಲು ಒಳಗೇನೂ ಇಲ್ಲ. ಕಾವೇರಿಯ ಪ್ರವಾಹಗಳಿಗೆ ಮೈಯೊಡ್ಡಿ ಅಲ್ಲಲ್ಲಿ ಜಖಂ ಆದರೂ ಎರಡು ಶತಮಾನ ದಾಟಿದೆ.

ಹಾಗಾಗಿ ವಯಸ್ಸನ್ನು ದೂರುವುದು ನನಗೆ ಸರಿಕಾಣುವುದಿಲ್ಲ (ಐವತ್ತು ದಾಟಿದವಳ ಸ್ವಾರ್ಥವೂ ಇದರಲ್ಲಿ ಇರಬಹುದು). ನಮ್ಮೂರಿನ ಸಂಕವನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಅಪ್ಪ, ಪಕ್ಕದ ಮನೆಯವರು ಸೇರಿ ಬಿಚ್ಚಿ ನೋಡುತ್ತಿದ್ದರು. ಕತ್ತಿಯ ಹಿಂಬದಿಯಿಂದ ಬಡಿದರೆ ಲಡ್ಡು ಹಿಡಿದ ಮರದ ಸದ್ದೇ ಬೇರೆ. ಅಂಥದ್ದನ್ನು ಹಳ್ಳಕ್ಕೆ ನೂಕಿ ಹೊಸದು ಹಾಕುತ್ತಿದ್ದರು. ಯಾರು ಬಡಿದು ನೋಡಿದರು, ಯಾರು ಕಟ್ಟಿದರು ಎಂದು ದಾಟುವ ಹುಡುಗಿಗೆ ಗೊತ್ತಿತ್ತು. ಕಾಳಿಯ ಸೇತುವೆಯ ಅಡಿಗೆ ದೋಣಿಯಲ್ಲಿ ಹೋಗಿ ಕಂಬ ಮುಟ್ಟಿ ನೋಡಿದವರು ಯಾರು, ಯಾವಾಗ, ಏನು ಬರೆದಿಟ್ಟರು ಎಂದು ದಿನವೂ ದಾಟುತ್ತಿದ್ದ ನಮಗೆ ಯಾರೂ ಹೇಳಿರಲಿಲ್ಲ. ನಾಲ್ಕನೇ ಇಯತ್ತೆಯ ಮಕ್ಕಳ ಕಾಪಿಪುಸ್ತಕ ತಿದ್ದಿದ್ದೇನೋ ಇಲ್ಲವೋ ಎಂದು ನೋಡಲು ಮಾತ್ರ ಇನ್‌ಸ್ಪೆಕ್ಟರು ಬರುತ್ತಾರೆ. ತಪ್ಪಲ್ಲ, ಬರಲಿ. ಆದರೆ ತಾರೀಖು ಹಾಕಿ ರುಜು ಮಾಡಿದ ಅಂಥದೊಂದು ಹಾಳೆಯನ್ನು ಸೇತುವೆಯ ಬುಡದಲ್ಲೂ ತೂಗುಹಾಕಿದ್ದರೆ, ದಾಟುವ ಮೊದಲು ಓದಿಕೊಳ್ಳುತ್ತಿದ್ದೆ.

ಅದಿಲ್ಲವಾದ್ದರಿಂದ ನನ್ನದೇ ಒಂದು ಕ್ರಮವಿದೆ. ಸೇತುವೆ ಹತ್ತುವ ಮೊದಲು ಕಾರಿನ ಗಾಜು ಇಳಿಸುತ್ತೇನೆ. ಮುಳುಗಿದ ಕಾರಿನ ಬಾಗಿಲನ್ನು ನೀರಿನ ಒತ್ತಡ ತೆರೆಯಗೊಡುವುದಿಲ್ಲ, ಕಿಟಕಿಯೇ ದಾರಿ. ಜಡಿಮಳೆ ಇದ್ದರೂ ಇಳಿಸುತ್ತೇನೆ. ಪಕ್ಕದಲ್ಲಿ ಕೂತ ನಮ್ಮವರು ಒದ್ದೆ ತೋಳು ಒರೆಸಿಕೊಳ್ಳುತ್ತ, "ಕಾಳಿಗಿಂತ ಮೊದಲು ನೀನೇ ನನ್ನನ್ನು ಮುಳುಗಿಸುತ್ತೀ" ಎಂದು ಗೊಣಗುತ್ತಿದ್ದರು. ಆ ಆಗಸ್ಟ್ ಕಳೆದ ಮೇಲೆ ತಮ್ಮ ಬದಿಯ ಗಾಜನ್ನು ಅವರೇ ಇಳಿಸುತ್ತಾರೆ.