ಎಫ್ ಕೀ ಹೋದರೆ ಹಕ್ಕೂ ಹೋಯ್ತು

ಹೊಸದಾಗಿ ಲ್ಯಾಪ್‌ಟಾಪ್ ತಗೊಳ್ಳೋ ನಮ್ಮ ಹುಡುಗ ಹುಡುಗಿಯರು ಇನ್‌ಬಾಕ್ಸಿಗೆ ಬಂದು ಕೇಳ್ತಾ ಇರ್ತಾರೆ. "ಅಣ್ಣ, ಎಷ್ಟು ರ‍್ಯಾಮ್ ಇರಬೇಕು? ಯಾವ ಪ್ರೊಸೆಸರ್ ಒಳ್ಳೇದು?" ಅದನ್ನೆಲ್ಲ ಹೇಳೋಕೆ ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳೋದು ಒಂದೇ ಮಾತು. ಅಂಗಡಿಯಲ್ಲೇ ಕೂತು ಆ ಕೀಬೋರ್ಡಿನ ಮೇಲೆ ಒಂದು ಪುಟ ಕನ್ನಡ ಟೈಪ್ ಮಾಡಿ ನೋಡಿ. ಒಂದು ಪುಟ ಆಗಲ್ಲ ಅಂದ್ರೆ ನಾಲ್ಕು ಪದ ಹೊಡೆಯಿರಿ: ಹಕ್ಕು, ನ್ಯಾಯ, ದೌರ್ಜನ್ಯ, ಅಸ್ಪೃಶ್ಯತೆ. ಅಂಗಡಿಯವನು ಒಂಥರಾ ನೋಡ್ತಾನೆ. ನೋಡಲಿ.

ಈ ನಾಲ್ಕೇ ಪದ ಯಾಕೆ ಅಂದ್ರೆ, ನಾಲ್ಕರಲ್ಲೂ ಒತ್ತಕ್ಷರ ಇದೆ. ನಾವು ಬಹಳ ಜನ ಬಳಸೋದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ನುಡಿಯಲ್ಲಿ ಇರೋದು ಅದೇ, ಸರ್ಕಾರ ಒಪ್ಪಿರೋದೂ ಅದನ್ನೇ. ಅದರಲ್ಲಿ ಕೆ ಒತ್ತಿದರೆ ಕ ಬೀಳುತ್ತೆ. ಒತ್ತು ಕೊಡಬೇಕು ಅಂದ್ರೆ ಮಧ್ಯೆ ಎಫ್ ಒತ್ತಬೇಕು. ಕೆ, ಎಫ್, ಕೆ ಅಂದ್ರೆ ಕ್ಕ. ಮೇಲಿನ ನಾಲ್ಕು ಪದಕ್ಕೆ ಆರು ಸಲ ಎಫ್ ಬೇಕು. ಇಂಗ್ಲಿಷಿನವರಿಗೆ ಎಫ್ ಅಷ್ಟೇನೂ ಕೆಲಸ ಇಲ್ಲದ ಅಕ್ಷರ. ಕನ್ನಡದಲ್ಲಿ ಅದು ಬಿಡುವಿಲ್ಲದೆ ದುಡಿಯೋ ಕೂಲಿಯಾಳು. ಎಲ್ಲರಿಗಿಂತ ಮೊದಲು ಸವೆಯೋದೂ ಅದೇ. ಯೂಟ್ಯೂಬಿನಲ್ಲಿ ಲ್ಯಾಪ್‌ಟಾಪ್ ರಿವ್ಯೂ ಮಾಡೋರು ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ನನ್ನ ಲ್ಯಾಪ್‌ಟಾಪಿನ ಎಫ್ ಕೀ ಹೋದಾಗ ಪರದೆ ಮೇಲೆ ಬಂದ ಪದಗಳು ಇವು: ಹಕಕು. ನಯಾಯ. ದೌರಜನಯ. ಬಾಬಾಸಾಹೇಬರ ಹೆಸರು ಅಂಬೇಡಕರ ಅಂತ ಆಯ್ತು. ನಗಬೇಡಿ. ಬೆಳಗ್ಗೆ ಹತ್ತಕ್ಕೆ ತಹಶೀಲ್ದಾರರ ಕೈಗೆ ಕೊಡಬೇಕಾದ ಮೂರು ಪುಟದ ಅರ್ಜಿ, ರಾತ್ರಿ ಹನ್ನೊಂದೂವರೆ. ಪರದೆ ಮೇಲಿನ ಕೀಬೋರ್ಡ್ ತೆರೆದು, ಎಫ್ ಬೇಕಾದ ಕಡೆಯೆಲ್ಲ ಮೌಸಿನಿಂದ ಒಂದೊಂದೇ ಒತ್ತು ಚುಚ್ಚುತ್ತಾ ಹೋದೆ. ಮುಗಿಯೋವಾಗ ಮೂರು ಗಂಟೆ.

"ಮೊಬೈಲಲ್ಲಿ ಬಾಯಲ್ಲಿ ಹೇಳಿದ್ರೆ ಬರೆಯುತ್ತಲ್ಲ" ಅಂತ ಕೇಳೋರಿದ್ದಾರೆ. ಪೋಸ್ಟ್ ಹಾಕೋಕೆ ಸರಿ. ಸರ್ವೆ ನಂಬರು, ತಾರೀಕು, ಕಲಂ, ಉಪಕಲಂ, ತಂದೆ ಹೆಸರು, ಗ್ರಾಮ, ಹೋಬಳಿ ತುಂಬಿದ ದೂರನ್ನು ಹೇಳಿ ಬರೆಸಿ ನೋಡಿ. ತಿದ್ದೋಕೆ ಹಿಡಿಯೋ ಹೊತ್ತಲ್ಲಿ ಎರಡು ಸಲ ಟೈಪ್ ಮಾಡಬಹುದು.

ಕೀಲಿಯ ಒಳಗೆ ಏನಿರುತ್ತೆ ಅಂತ ನಾನು ನೋಡಿದ್ದು ಎಸ್.ಪಿ. ರೋಡಿನಲ್ಲಿ. ನಮ್ಮಂಥವರ ಲ್ಯಾಪ್‌ಟಾಪೆಲ್ಲ ಬರೋದು ಅಲ್ಲಿಂದಲೇ, ದೊಡ್ಡ ಕಂಪನಿಗಳು ಬಳಸಿ ಬಿಟ್ಟಿದ್ದು. ರಿಪೇರಿ ಹುಡುಗ ಉಗುರಲ್ಲೇ ಕೀಲಿ ಎಬ್ಬಿಸಿ ತೋರಿಸಿದ. ಕೆಳಗೆ ಕತ್ತರಿ ಥರ ಮಡಚೋ ಎರಡು ಪ್ಲಾಸ್ಟಿಕ್ ಕಾಲು, ಮಧ್ಯೆ ಒಂದು ರಬ್ಬರ್ ಬಟ್ಟಲು, ಅದರ ಕೆಳಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆಗಳು. ನಾವು ಒತ್ತಿದಾಗ ಬಟ್ಟಲು ಕುಸಿದು ಮೇಲಿನ ಹಾಳೆಯ ಗೆರೆ ಕೆಳಗಿನ ಹಾಳೆಯ ಗೆರೆಗೆ ತಾಗುತ್ತೆ. ತಾಗಿದರೆ ಅಕ್ಷರ. ಆ ರಬ್ಬರ್ ಕುಸಿದು ಮತ್ತೆ ಎದ್ದು ನಿಲ್ಲೋದೇ ಬೆರಳಿಗೆ ಸಿಗೋ 'ಟಕ್' ಅನ್ನೋ ಅನುಭವ. ಅದು ಸಿಕ್ಕರೆ ಪರದೆ ನೋಡದೇ ಹೊಡೆಯಬಹುದು. ಎದುರಿಗೆ ಕೂತು ಅಳ್ತಾ ಇರೋರ ಮುಖ ನೋಡಿಕೊಂಡೇ ಬರೆದುಕೊಳ್ಳಬಹುದು.

ನನ್ನ ಎಫ್ ಕೆಳಗೆ ಸಿಕ್ಕಿದ್ದು ರಾಗಿ ಹೊಟ್ಟು. ನಮ್ಮ ತುಮಕೂರು ಕಡೆ ಕಣ ಮಾಡೋ ಕಾಲದಲ್ಲಿ ಊರಿಗೆ ಊರೇ ಹೊಟ್ಟಲ್ಲಿ ಮುಳುಗಿರುತ್ತೆ. ಎ.ಸಿ. ರೂಮಿನಲ್ಲಿ ಕೂತು ವಿನ್ಯಾಸ ಮಾಡಿದವರಿಗೆ ರಾಗಿ ಹೊಟ್ಟು ಗೊತ್ತಿರೋಕೆ ಸಾಧ್ಯ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅವರಿಗೆ ಅವರ ಮನೆ ಧೂಳೂ ಗೊತ್ತಿರಲಿಲ್ಲ. 2015ರಲ್ಲಿ ಆಪಲ್ ಕಂಪನಿ ಬಟರ್‌ಫ್ಲೈ ಅನ್ನೋ ಕೀಬೋರ್ಡ್ ತಂದಿತು. ಲ್ಯಾಪ್‌ಟಾಪ್ ಇನ್ನೂ ತೆಳ್ಳಗಾಗಲಿ ಅಂತ ಕೀಲಿ ಇಳಿಯೋ ಆಳವನ್ನೇ ಕಡಿಮೆ ಮಾಡಿದರು. ಚೂರು ಧೂಳು ಹೋದರೂ ಅಕ್ಷರ ಬೀಳದೆ ಇರೋದು, ಇಲ್ಲಾ ಎರಡೆರಡು ಸಲ ಬೀಳೋದು. 2018ರಲ್ಲಿ ಉಚಿತವಾಗಿ ರಿಪೇರಿ ಮಾಡಿಕೊಡ್ತೀವಿ ಅಂದರು. 2019ರ ಕೊನೆಗೆ ಮತ್ತೆ ಹಳೇ ಕತ್ತರಿ ಮಾದರಿಗೇ ವಾಪಸ್ ಬಂದರು. ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಕೇಸು ಹಾಕಿದ್ದರು, 2022ರಲ್ಲಿ 5 ಕೋಟಿ ಡಾಲರ್ ಕೊಡೋಕೆ ಕಂಪನಿ ಒಪ್ಪಿಕೊಂಡಿತು. ಒತ್ತಿದ ಅಕ್ಷರ ಬೀಳಲಿಲ್ಲ ಅಂತ ಕೋರ್ಟಿಗೆ ಹೋಗಬಹುದು! ಇದು ನನಗೆ ಬಹಳ ಹಿಡಿಸಿತು.

ಇನ್ನೊಂದು ಮಾತು, ದುಡ್ಡಿನ ವಿಷಯ. ಹಳೇ ಲ್ಯಾಪ್‌ಟಾಪುಗಳಲ್ಲಿ ನಾಲ್ಕಾರು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಈಚೆ ಬರುತ್ತೆ. ಈಗಿನ ಬಹಳಷ್ಟು ತೆಳ್ಳನೆ ಲ್ಯಾಪ್‌ಟಾಪುಗಳಲ್ಲಿ ಅದನ್ನು ಮೇಲಿನ ಕವಚಕ್ಕೇ ಅಂಟಿಸಿಬಿಟ್ಟಿರ್ತಾರೆ. ಒಂದು ಕೀ ಹೋದರೆ ಇಡೀ ಮೇಲ್ಭಾಗ ಬದಲಾಯಿಸಬೇಕು. ತಗೊಳ್ಳುವ ಮೊದಲೇ ಕೇಳಿ: ಕೀಬೋರ್ಡ್ ಒಂದನ್ನೇ ಬದಲಾಯಿಸೋಕೆ ಆಗುತ್ತಾ? ಚಹಾ ಚೆಲ್ಲಿದರೆ ನೀರು ಇಳಿದು ಹೋಗೋಕೆ ದಾರಿ ಇದೆಯಾ? ಥಿಂಕ್‌ಪ್ಯಾಡಿನ ಹಳೇ ಮಾಡೆಲ್ಲುಗಳಲ್ಲಿ ಅದಕ್ಕೆ ಅಂತಲೇ ತೂತು ಇರ್ತವೆ. ಚಳವಳಿಯವರ ಟೇಬಲ್ಲಿನ ಮೇಲೆ ಚಹಾ ಚೆಲ್ಲದ ದಿನ ಯಾವುದಿದೆ ಹೇಳಿ.

ಸದ್ದಿನ ವಿಷಯಕ್ಕೆ ಬರ್ತೀನಿ. ಈಗ ಮೆಕ್ಯಾನಿಕಲ್ ಕೀಬೋರ್ಡ್ ಅಂತ ಒಂದು ಖಯಾಲಿ ಶುರುವಾಗಿದೆ. ಟಕ ಟಕ ಸದ್ದು ಕೇಳೋಕೆ ಅಂತಲೇ ಸಾವಿರಗಟ್ಟಲೆ ಕೊಡ್ತಾರೆ. ಕೊಡಲಿ, ಅವರಿಗೆ ಬಾಗಿಲು ಹಾಕಿಕೊಳ್ಳೋಕೆ ಬೇರೆ ರೂಮಿದೆ. ನಮ್ಮದು ಜನತಾ ಮನೆ. ಒಂದೇ ರೂಮು, ಅದರಲ್ಲೇ ಅಡುಗೆ, ಅದರಲ್ಲೇ ಹಾಸಿಗೆ. ರಾತ್ರಿ ನಾನು ಟೈಪ್ ಮಾಡೋಕೆ ಕೂತರೆ ಮಗಳು ಹೊರಳಾಡ್ತಾಳೆ. ಕೀಬೋರ್ಡಿನ ಕೆಳಗೆ ಟವಲ್ ಮಡಚಿ ಇಟ್ಟುಕೊಳ್ತೀನಿ. ಸ್ಪೇಸ್ ಬಾರನ್ನು ನಡುವೆ ಒತ್ತದೆ, ಹೆಬ್ಬೆರಳ ತುದಿಯಿಂದ ಅಂಚಲ್ಲಿ ಒತ್ತೋದು ರೂಢಿಯಾಗಿದೆ. ಮನೆಯಲ್ಲಿ ನನಗೆ ಬೇಕಾಗಿರೋದು ಸದ್ದಿಲ್ಲದ ಕೀಬೋರ್ಡೇ.

ಪೊಲೀಸ್ ಸ್ಟೇಷನ್ನಿನಲ್ಲಿ ಮಾತ್ರ ಸದ್ದು ಬೇಕು. ಯಾಕೆ ಅಂತ ಹೇಳ್ತೀನಿ.

ಓದು ಬರಹ ಇಲ್ಲದ ನಮ್ಮ ಹಿರಿಯರು ಸ್ಟೇಷನ್ನಿಗೆ ಹೋಗಿ ಬಾಯಲ್ಲಿ ದೂರು ಹೇಳ್ತಾರೆ. ರೈಟರ್ ಕಂಪ್ಯೂಟರಿನ ಮುಂದೆ ಕೂತಿರ್ತಾರೆ. ಪರದೆ ಅವರ ಕಡೆಗಿರುತ್ತೆ, ನಮಗೆ ಕಾಣೋದು ಅದರ ಬೆನ್ನು. ಹಿಂದೆ ಟೈಪ್‌ರೈಟರ್ ಇದ್ದಾಗ ಹಾಳೆ ಎಲ್ಲರ ಕಣ್ಣೆದುರಿಗೇ ಮೇಲೆ ಏರ್ತಾ ಬರೋದು, ಓದು ಬರೋರು ಯಾರಾದರೂ ಪಕ್ಕದಲ್ಲಿ ನಿಂತು ಕಣ್ಣಾಡಿಸಬಹುದಿತ್ತು. ಈಗ ನಮಗೆ ಉಳಿದಿರೋದು ಕೀಲಿಗಳ ಸದ್ದು ಮಾತ್ರ. ಎಷ್ಟು ವರ್ಷ ಆ ಬೆಂಚಿನ ಮೇಲೆ ಕೂತಿದ್ದೀನೋ, ಆ ಸದ್ದನ್ನು ಓದೋಕೆ ಕಲಿತಿದ್ದೀನಿ.

ಕಳೆದ ಸುಗ್ಗಿಯಲ್ಲಿ ಒಬ್ಬ ಅಮ್ಮ ಬಂದಿದ್ದರು. ಕಣದಲ್ಲಿ ಮೂರು ದಿನ ದುಡಿದ ಕೂಲಿ ಕೇಳಿದ್ದಕ್ಕೆ ಹೊಲದ ಯಜಮಾನ ಜಾತಿ ಹೆಸರು ಹಿಡಿದು ಬೈದು, ಮೊರ ಕಿತ್ತು ಎಸೆದಿದ್ದ. ರಸ್ತೆ ಪಕ್ಕದ ಕಣ, ಏಳೆಂಟು ಜನ ನೋಡಿದ್ದಾರೆ. ಅಮ್ಮ ನಡೆದಿದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದರು. ತಾರೀಕು ಹೇಳಿದಾಗ ಟಕ ಟಕ. ಊರ ಹೆಸರಿಗೆ ಟಕ ಟಕ. ಬೈದ ಮಾತನ್ನು ಅವನು ಅಂದ ಹಾಗೇ, ಅಷ್ಟೂ ಉದ್ದ ಹೇಳಿದಾಗ ಕೀಲಿ ನಿಂತುಬಿಟ್ಟಿತು. ಆಮೇಲೆ ಒಂದೇ ಉಸಿರಿಗೆ ಸಣ್ಣದೊಂದು ಸಾಲು. ನೋಡದೆಯೇ ಗೊತ್ತಾಯ್ತು ನನಗೆ, 'ಅವಾಚ್ಯ ಶಬ್ದಗಳಿಂದ ನಿಂದಿಸಿ'. ಅದು ರೈಟರುಗಳ ಬೆರಳಿಗೆ ಬಾಯಿಪಾಠ.

ಅಮ್ಮ ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪ, ನಾನ್ ಹೇಳಿದ್ದೆಲ್ಲ ಅದ್ರಾಗೆ ಬಿತ್ತಾ?" ಅಂದರು.

ಅವರಿಗೂ ಕೇಳಿಸಿತ್ತು ನೋಡಿ.

ಯಾವ ಮಾತು ಬೀಳಲಿಲ್ಲವೋ ಕೇಸು ನಿಲ್ಲೋದೇ ಅದರ ಮೇಲೆ. ದೌರ್ಜನ್ಯ ತಡೆ ಕಾಯ್ದೆಯ 3(1)(ಎಸ್) ಹಾಕಬೇಕಾದರೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದಿರಬೇಕು. ಜಾತಿ ಹೆಸರಿನ ಜಾಗದಲ್ಲಿ 'ಅವಾಚ್ಯ ಶಬ್ದ' ಕೂತರೆ, 'ರಸ್ತೆ ಪಕ್ಕದ ಕಣ' ಅನ್ನೋದು ಬರೀ 'ಜಮೀನು' ಆದರೆ, ಮುಂದೆ ವಕೀಲರಿಗೆ ಅಷ್ಟೇ ಸಾಕು. ಮೊದಲ ದಿನ ಹೇಳದೇ ಇದ್ದದ್ದು ಈಗ ಎಲ್ಲಿಂದ ಬಂತು ಅಂತ ಶುರು ಮಾಡ್ತಾರೆ.

ಕಾಯ್ದೆಯ 4ನೇ ಕಲಂ ಇದಕ್ಕೇ ಇರೋದು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡ ಮೇಲೆ, ಸಹಿ ತಗೊಳ್ಳುವ ಮೊದಲು, ಅದನ್ನು ಹೇಳಿದವರಿಗೆ ಓದಿ ಹೇಳಬೇಕು. ಬರೆದುಕೊಂಡದ್ದರ ಪ್ರತಿಯನ್ನು ತಕ್ಷಣ ಕೊಡಬೇಕು. ಬೇಕೂಂತ ಮಾಡದೇ ಹೋದರೆ, ಪರಿಶಿಷ್ಟ ಜಾತಿ ಪಂಗಡದವರಲ್ಲದ ಅಧಿಕಾರಿಗೆ 6 ತಿಂಗಳಿಂದ 1 ವರ್ಷದವರೆಗೆ ಜೈಲು. ಓದಿ ಹೇಳುವ ಈ ಕರ್ತವ್ಯವನ್ನು ಕಾಯ್ದೆಯಲ್ಲೇ ಬಿಡಿಸಿ ಬರೆದದ್ದು 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ. ನಮ್ಮ ಕಾರ್ಯಕರ್ತರಲ್ಲೂ ಬಹಳ ಜನ 3ನೇ ಕಲಂ ಬಾಯಿಪಾಠ ಹೇಳ್ತಾರೆ, 4ನ್ನು ತೆರೆದೇ ಇರೋದಿಲ್ಲ. ದಯವಿಟ್ಟು ಓದಿಕೊಳ್ಳಿ.

ನಾನು ಜಗಳ ಆಡಲಿಲ್ಲ. "ಸಾರ್, ಸಹಿ ಮುಂಚೆ ಅಮ್ಮನಿಗೆ ಒಂದ್ಸಲ ಓದಿ ಹೇಳಿಬಿಡಿ, 4ನೇ ಕಲಮಿನಲ್ಲಿ ಇದೆಯಲ್ಲ" ಅಂದೆ. ರೈಟರ್ ನನ್ನನ್ನೂ ಅಮ್ಮನನ್ನೂ ನೋಡಿದರು. ಓದಿದರು. ಆ ಸಾಲು ಬಂದಾಗ ಅಮ್ಮ ಕೈ ಎತ್ತಿ ನಿಲ್ಲಿಸಿ, "ಅವ್ನು ಹಂಗಂದಿಲ್ಲ ಸ್ವಾಮಿ, ಹಿಂಗಂದ" ಅಂತ ಮೊದಲಿಂದ ಹೇಳಿದರು. ಈ ಸಲ ಬಿಡಿಸಿ ಬಿಡಿಸಿ, ಒಂದೊಂದು ಪದಕ್ಕೂ ನಿಂತು. ಒಂದು ಪದ ಹೇಳೋದು, ಕೀಲಿಯ ಸದ್ದು ಬರೋವರೆಗೂ ಕಾಯೋದು. ಸದ್ದು ನಿಂತ ಮೇಲೆ ಮುಂದಿನ ಪದ. ಆ ಸ್ಟೇಷನ್ನಿನ ಕೀಬೋರ್ಡ್ ಹಳೇದು, ಸಡಿಲ, ಕಟಕಟ ಅಂತ ಹೊರಗಿನ ಕಟ್ಟೆವರೆಗೂ ಕೇಳೋದು. ಬಾಗಿಲ ಹತ್ತಿರ ನಿಂತಿದ್ದ ಅಮ್ಮನ ಮಗ, ಎರಡು ದಿನದಿಂದ ಬಾಯಿ ಬಿಡದೆ ಇದ್ದವನು, ಒಳಗೆ ಬಂದು ಬೆಂಚಿನ ಮೇಲೆ ಕೂತ.

ಕೊನೆಗೆ ಪ್ರಿಂಟ್ ಬಂತು. ಅಮ್ಮ ಹೆಬ್ಬೆಟ್ಟು ಒತ್ತಿದರು. ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲಕ್ಕೆ ಸೇರಿಸಿಕೊಂಡರು. ಬಸ್‌ಸ್ಟ್ಯಾಂಡಿಗೆ ಹೋಗೋ ದಾರಿಯಲ್ಲಿ ಅದನ್ನು ಒಂದು ಜೆರಾಕ್ಸ್ ಮಾಡಿಸಿ ನಾನೂ ಇಟ್ಟುಕೊಂಡೆ.

ಜೈಭೀಮ್.

(ಎಫ್ ಕೀ ಇನ್ನೂ ಹಾಗೇ ಇದೆ. 500 ರೂಪಾಯಿ ಒಳಗೆ ಒಂದು ಯುಎಸ್‌ಬಿ ಕೀಬೋರ್ಡ್ ತಂದು ಸಿಕ್ಕಿಸಿಕೊಂಡಿದ್ದೀನಿ. ಇದನ್ನೂ ಅದರಲ್ಲೇ ಹೊಡೆದದ್ದು. ನಿಮ್ಮ ಮನೆಯಲ್ಲಿ ಬಳಸದೆ ಬಿದ್ದಿರೋದು ಇದ್ದರೆ ಎಸೀಬೇಡಿ, ತಾಲೂಕು ಕಡೆ ಅರ್ಜಿ ಬರೆಯೋ ನಮ್ಮ ಹುಡುಗರಿಗೆ ಇನ್ನೂ ಮೂರು ಬೇಕು. ಎಫ್ ಕೆಲಸ ಮಾಡ್ತಿದೆಯಾ ಅಂತ ನೋಡಿ ಕಳಿಸಿ.)